ಸ್ಟಾಫ್ ರೂಮಿನ ಹೊಸ್ತಿಲಲ್ಲಿ ನಿಂತವರಿಗೆ

ಮನೆತನದಲ್ಲಿ ಯಾರೂ ಕರಿಕೋಟು ತೊಟ್ಟಿರದೆ, ತಾವೇ ಮೊದಲಿಗರಾಗಿ ಕಾನೂನು ಕಾಲೇಜಿನ ಮೆಟ್ಟಿಲು ಹತ್ತಿರುವ ವಿದ್ಯಾರ್ಥಿಗಳಿಗೆ,



ನೀವು ನಮಗೆ ಕೊಡುವ ಮರ್ಯಾದೆಗೆ ಕೊರತೆಯೇನಿಲ್ಲ. ಎದುರಿಗೆ ಬಂದರೆ ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತೀರಿ. ಸೆಪ್ಟೆಂಬರ್ ಐದಕ್ಕೆ ಶಾಲು, ಹಾರ, ಕೇಕು ಎಲ್ಲ ಆಗುತ್ತದೆ. ಪರೀಕ್ಷೆಯ ದಿನ ಬೆಳಿಗ್ಗೆ ಕಾಲಿಗೆ ಬೀಳುವವರೂ ಇದ್ದಾರೆ. ಆದರೆ ಮೂರು ವರ್ಷವೋ ಐದು ವರ್ಷವೋ ಓದಿ ಹೋಗುವ ನಿಮ್ಮಲ್ಲಿ ಹೆಚ್ಚಿನವರು ಒಂದೇ ಒಂದು ತೀರ್ಪಿನ ಬಗ್ಗೆ ನಮ್ಮೆದುರು ಕೂತು ಹತ್ತು ನಿಮಿಷ ಮಾತಾಡಿದ್ದಿಲ್ಲ. ಬೀಳ್ಕೊಡುಗೆ ಸಮಾರಂಭದಲ್ಲಿ ಗುರುಗಳ ಋಣದ ಬಗ್ಗೆ ಮೈಕಿನ ಮುಂದೆ ಗದ್ಗದಿತನಾಗುವ ಹುಡುಗನ ಹೆಸರೇನೆಂದು ನಾನು ಪಕ್ಕದ ಕುರ್ಚಿಯವರನ್ನು ಪಿಸುಮಾತಿನಲ್ಲಿ ಕೇಳಬೇಕಾಗುತ್ತದೆ. ಅವನೇನೋ ಮನಸಾರೆಯೇ ಅಳುತ್ತಿರುತ್ತಾನೆ. ಆದರೆ ಅವನಿಗೆ ನಾನು ಗೊತ್ತಿಲ್ಲ, ನನಗೆ ಅವನು ಗೊತ್ತಿಲ್ಲ.

ಈ ಪತ್ರ ಬರೆಯುತ್ತಿರುವುದು ನಿಮ್ಮನ್ನು ಬೈಯುವುದಕ್ಕಲ್ಲ. ಜಿಲ್ಲಾ ಕೇಂದ್ರವೊಂದರ ಕಾನೂನು ಕಾಲೇಜಿನಲ್ಲಿ ಬಹಳ ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಅಧ್ಯಾಪಕರೊಂದಿಗೆ ಒಡನಾಟ ಬೆಳೆಸದೆ ಹೋಗುವುದರಿಂದ ಯಾರಿಗೆ ಎಷ್ಟು ನಷ್ಟ ಎಂಬುದು ಇಲ್ಲಿಂದ ಚೆನ್ನಾಗಿ ಕಾಣುತ್ತದೆ. ವಕೀಲರ ಮಕ್ಕಳಿಗೆ ಹೆಚ್ಚು ನಷ್ಟವಿಲ್ಲ. ಅವರು ರಾತ್ರಿ ಊಟಕ್ಕೆ ಕೂತಾಗಲೇ ತಡೆಯಾಜ್ಞೆ ಎಂದರೇನು, ಪಾಟೀ ಸವಾಲಿನಲ್ಲಿ ಸಾಕ್ಷಿ ಹೇಗೆ ಜಾರಿಕೊಂಡ ಎಂಬುದನ್ನು ಕೇಳಿಸಿಕೊಂಡು ಬೆಳೆದವರು. ಅಪ್ಪನ ಆಫೀಸಿನಲ್ಲಿ ಫೈಲು ಹುಡುಕಿಕೊಟ್ಟು, ಗುಮಾಸ್ತರ ಜೊತೆ ಕೋರ್ಟಿನ ಕೌಂಟರಿಗೆ ಓಡಾಡಿ ಅರ್ಧ ವಿದ್ಯೆ ಅಲ್ಲೇ ಆಗಿರುತ್ತದೆ. ನಾನು ಪಾಠ ಮಾಡದಿದ್ದರೂ ಅವರು ವಕೀಲರಾಗುತ್ತಾರೆ. ನಷ್ಟ ನಿಮಗೆ.

ಒಂದು ಉದಾಹರಣೆ ಕೊಡುತ್ತೇನೆ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಪದವಿಯವರು ಕನಿಷ್ಠ 12 ವಾರ, ಐದು ವರ್ಷದವರು ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಬೇಕು. ನಿಯಮ ಎಲ್ಲರಿಗೂ ಒಂದೇ. ಆದರೆ ಬೆಂಗಳೂರಿನ ಹಿರಿಯ ವಕೀಲರೊಬ್ಬರ ಕಚೇರಿಗೆ ಮಗನನ್ನು ಕಳಿಸಲು ಒಬ್ಬ ತಂದೆಗೆ ಒಂದು ಫೋನ್ ಕರೆ ಸಾಕು. ಇನ್ನೊಬ್ಬ ತಂದೆಗೆ ಆ ಹೊತ್ತಿನಲ್ಲಿ ಹೊಲಕ್ಕೆ ನೀರು ಹಾಯಿಸುವ ಪಾಳಿ ಇರುತ್ತದೆ, ಫೋನ್ ಮಾಡೋಣವೆಂದರೆ ಮಾಡಲು ಯಾರೂ ಇಲ್ಲ. ಎರಡನೆಯ ತಂದೆಯ ಮಗಳು ಮಾಡಿದ್ದೇನು? ಪ್ರಮಾಣಪತ್ರದ ಮೇಲೆ ಸಹಿ ಹಾಕಿಕೊಡುವ ಯಾರನ್ನೋ ಹುಡುಕಿ, ವಾರಗಳನ್ನು ಲೆಕ್ಕ ಹೊಂದಿಸಿ ಕೊಟ್ಟಳು. ಅವಳು ಒಂದು ಮಾತು ಕೇಳಿದ್ದರೆ ನಾನು ಮೂರು ಕಚೇರಿಗಳ ಹೆಸರು ಹೇಳುತ್ತಿದ್ದೆ. ಕೇಳಲಿಲ್ಲ. ತೊಂದರೆ ಕೊಡಬಾರದು ಎಂದುಕೊಂಡಳಂತೆ.

ಇನ್ನು ಮುಂದೆ ಈ ನಷ್ಟ ಇನ್ನೂ ದೊಡ್ಡದಾಗುತ್ತದೆ. ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯಲು ಮೂರು ವರ್ಷದ ವಕೀಲಿಕೆ ಬೇಕೇ ಬೇಕು ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮತ್ತೆ ತಂದಿತು. ವಕೀಲಿಕೆ ಮಾಡಿದ್ದೇನೆ ಎನ್ನುವುದಕ್ಕೆ ಹತ್ತು ವರ್ಷ ಅನುಭವವಿರುವ ವಕೀಲರ ಪ್ರಮಾಣಪತ್ರ ಬೇಕು, ಅದಕ್ಕೆ ನ್ಯಾಯಾಧೀಶರ ಮೇಲುಸಹಿ ಆಗಬೇಕು. ಆ ತೀರ್ಪು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ನನಗೆ ಅದರಲ್ಲಿ ಅರ್ಧ ಒಪ್ಪಿಗೆ, ಅರ್ಧ ತಕರಾರು. ಆದರೆ ಪದವಿ ಮುಗಿಸಿ ಕೋಣೆಯಲ್ಲಿ ಕೂತು ಓದಿ ನೇರವಾಗಿ ಪೀಠಕ್ಕೆ ಏರುತ್ತೇನೆ ಎಂದುಕೊಂಡಿದ್ದವರೆಲ್ಲ ಈಗ ಮೂರು ವರ್ಷ ಒಬ್ಬ ಸೀನಿಯರ್ ಕಚೇರಿಯಲ್ಲಿ ಜೂನಿಯರ್ ಆಗಿ ಇರಬೇಕು. ಆ ಸೀನಿಯರನ್ನು ಎಲ್ಲಿಂದ ತರುತ್ತೀರಿ? ನಿಮ್ಮ ಊರಿನಿಂದ ನೋಡಿದರೆ ನ್ಯಾಯಲೋಕದಲ್ಲಿ ನಿಮಗೆ ಗೊತ್ತಿರುವ ಮೊದಲ ಮನುಷ್ಯರು ನಿಮ್ಮ ಅಧ್ಯಾಪಕರೇ. ಅವರನ್ನು ಹೊಸ್ತಿಲಾಚೆಯಿಂದ ನೋಡಿ ಕೈಮುಗಿದು ಬಂದುಬಿಟ್ಟರೆ ಮುಂದಿನ ದಾರಿಯನ್ನು ಒಬ್ಬರೇ ತಡಕಬೇಕಾಗುತ್ತದೆ.

ನೀವು ಯಾಕೆ ಬರುವುದಿಲ್ಲ ಎಂಬುದು ನನಗೆ ಗೊತ್ತು. ಇಂಗ್ಲಿಷಿನ ಹೆದರಿಕೆ ದೊಡ್ಡದು. ಪ್ರಶ್ನೆಯನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿ, ವ್ಯಾಕರಣ ಸರಿಯಿದೆಯೇ ಎಂದು ಎರಡು ಸಲ ನೋಡಿ, ಅಷ್ಟರಲ್ಲಿ ಗಂಟೆ ಬಾರಿಸಿ, ನಾನು ಹೊರಗೆ ಹೋಗಿಯಾಗಿರುತ್ತದೆ. ಕನ್ನಡದಲ್ಲಿ ಕೇಳಿ. ನಾಳೆ ತಾಲ್ಲೂಕು ಕೋರ್ಟಿನಲ್ಲಿ ಕಟಕಟೆಗೆ ಬರುವ ಸಾಕ್ಷಿ ಮಾತಾಡುವುದು ಕನ್ನಡದಲ್ಲೇ, ನಿಮ್ಮ ಕಕ್ಷಿದಾರ ಗೋಳು ಹೇಳಿಕೊಳ್ಳುವುದೂ ಕನ್ನಡದಲ್ಲೇ. ಹೈಕೋರ್ಟಿನ ತೀರ್ಪು ಓದಲು ಇಂಗ್ಲಿಷ್ ಬೇಕು, ಕಲಿಯೋಣ. ಅಧ್ಯಾಪಕರ ಮುಂದೆ ಬಾಯಿ ಬಿಡಲು ಅದರ ಅಪ್ಪಣೆ ಬೇಕಾಗಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಅಧ್ಯಾಪಕರ ಹತ್ತಿರ ಓಡಾಡುವವರು ಇಂಟರ್ನಲ್ ಅಂಕಕ್ಕಾಗಿ ಬೆಣ್ಣೆ ಹಚ್ಚುವವರು ಎಂದು ನಿಮ್ಮ ನಿಮ್ಮಲ್ಲೇ ಮಾತಿದೆ. ಬೆಣ್ಣೆ ಹಚ್ಚುವವರು ಇದ್ದಾರೆ, ಸುಳ್ಳು ಹೇಳುವುದಿಲ್ಲ. ಹಾಜರಾತಿ ಶೇಕಡಾ 70 ಮುಟ್ಟದಿದ್ದಾಗ ಹಣ್ಣಿನ ಬುಟ್ಟಿಯೊಂದಿಗೆ ಬರುವವರಿದ್ದಾರೆ. ಬೆಳಿಗ್ಗೆ ಆರಕ್ಕೆ ಗುಲಾಬಿ ಹೂವಿನ ಚಿತ್ರ ಕಳಿಸುವವರಿಗಂತೂ ಲೆಕ್ಕವೇ ಇಲ್ಲ. (ದಯವಿಟ್ಟು ಬೇಡ. ಫೋನು ತುಂಬಿಹೋಗಿ ಒಮ್ಮೆ ಕೋರ್ಟಿನ ಆದೇಶವೊಂದು ಡೌನ್‌ಲೋಡ್ ಆಗಲಿಲ್ಲ.) ಅಂಥವರಿಗೆ ಹೆದರಿ ನೀವು ಹಿಂದೆ ಸರಿದರೆ, ಸ್ಟಾಫ್ ರೂಮಿಗೆ ಬರುವವರು ಅವರಷ್ಟೇ ಆಗುತ್ತಾರೆ.

ಹಾಗಿದ್ದರೆ ಏನು ತೆಗೆದುಕೊಂಡು ಬರಬೇಕು? ಓದಿ ಹುಟ್ಟಿದ ಒಂದು ಪ್ರಶ್ನೆ. “ಮೇಡಂ, ಇಂಪಾರ್ಟೆಂಟ್ ಹೇಳಿ” ಎಂಬುದು ಪ್ರಶ್ನೆಯಲ್ಲ. “ಮೇಡಂ, ಕಾಂಟ್ರಾಕ್ಟ್ ಅರ್ಥ ಆಗ್ಲಿಲ್ಲ” ಎಂಬುದೂ ಪ್ರಶ್ನೆಯಲ್ಲ, ದೂರು. ಅಪ್ರಾಪ್ತನ ಕರಾರು ಶೂನ್ಯ ಎಂದು 1903ರಲ್ಲಿ ಪ್ರಿವಿ ಕೌನ್ಸಿಲ್ ಮೋಹರಿ ಬೀಬಿ ಪ್ರಕರಣದಲ್ಲಿ ಹೇಳಿದೆ, ಹಾಗಾದರೆ ಹದಿನೇಳರ ನನ್ನ ತಮ್ಮ ಆನ್‌ಲೈನಿನಲ್ಲಿ ತರಿಸಿದ ಮೊಬೈಲಿನ ಕಂತು ಯಾರು ಕಟ್ಟಬೇಕು? ಇದು ಪ್ರಶ್ನೆ. ಇದನ್ನು ಕೇಳಿದವನ ಹೆಸರು ನನಗೆ ಮರೆಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಡೆದದ್ದನ್ನು, ಮನೆಯವರ ಗುರುತು ಬಿಟ್ಟು ಹೇಳುತ್ತೇನೆ. ಎರಡನೆಯ ವರ್ಷದ ಒಬ್ಬ ಹುಡುಗಿ, ತರಗತಿಯಲ್ಲಿ ಎಂದೂ ಬಾಯಿ ಬಿಡದವಳು, ಒಂದು ಮಧ್ಯಾಹ್ನ ಬಂದು ನಿಂತಳು. ಅವಳ ಸೋದರತ್ತೆ ತವರಿನ ಹೊಲದಲ್ಲಿ ಪಾಲು ಕೇಳಿದ್ದಾರೆ. ಮನೆಯಲ್ಲಿ ರಂಪ. ಅವಳು ಗ್ರಂಥಾಲಯದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ಮಾಡಿದ ತಿದ್ದುಪಡಿ ಹುಡುಕಿ ಓದಿಕೊಂಡು ಬಂದಿದ್ದಳು. ಆ ತಿದ್ದುಪಡಿ ನಮ್ಮಲ್ಲಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆಯೇ ಹುಟ್ಟಿನಿಂದ ಹಕ್ಕು ಎಂದು ಕೇಂದ್ರ ಹೇಳುವುದಕ್ಕೆ ಹನ್ನೊಂದು ವರ್ಷ ಮೊದಲೇ ಹೇಳಿದ ರಾಜ್ಯಗಳಲ್ಲಿ ನಮ್ಮದೂ ಒಂದು. ಆದರೆ ಅದರಲ್ಲೊಂದು ಕೊಕ್ಕೆ ಇತ್ತು: ಜಾರಿಯಾಗುವುದಕ್ಕೆ ಮೊದಲೇ ಮದುವೆಯಾದ ಮಗಳಿಗೆ ಅದು ಅನ್ವಯಿಸುವುದಿಲ್ಲ. “ನಮ್ಮತ್ತೆ ಮದುವೆ ಆಗಿದ್ದು 1990ರಲ್ಲಿ ಮೇಡಂ. ಅಂದ್ಮೇಲೆ ಅವರಿಗೆ ಪಾಲಿಲ್ಲ ಅಲ್ವಾ?”

ಒಳ್ಳೆಯ ವಾದ. ಕೂರು ಎಂದೆ. 2005ರ ಕೇಂದ್ರ ತಿದ್ದುಪಡಿ ತೆಗೆದು ಓದು, ಅದರಲ್ಲಿ ಮದುವೆಯ ಮಾತು ಎಲ್ಲಿದೆ ಹುಡುಕು ಎಂದೆ. ಹುಡುಕಿದಳು, ಇರಲಿಲ್ಲ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಓದಿಕೊಂಡು ಬಾ ಎಂದು ಕಳಿಸಿದೆ. ನೂರಕ್ಕೂ ಹೆಚ್ಚು ಪುಟದ ತೀರ್ಪು. ತಿರುಗಿ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಬಂದಳು. ತಂದೆ 2005ರ ಸೆಪ್ಟೆಂಬರ್ 9ರಂದು ಬದುಕಿರಲಿ ಬಿಡಲಿ, ಮಗಳಿಗೆ ಹಕ್ಕು ಹುಟ್ಟಿನಿಂದಲೇ ಎಂಬುದು ಅವಳಿಗೆ ತಿಳಿದಿತ್ತು. ಆದರೆ ಈ ಸಲ ಹೊಸ ಅಸ್ತ್ರ ತಂದಿದ್ದಳು. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಪಾಲುವಾಟ್ನಿಯನ್ನು ಕಾಯ್ದೆ ಮುಟ್ಟುವುದಿಲ್ಲ. ನಮ್ಮ ಮನೆಯಲ್ಲಿ 1998ರಲ್ಲೇ ವಾಟ್ನಿ ಆಗಿದೆ, ಹಿರಿಯರ ಮುಂದೆ, ಬಾಯಿಮಾತಿನಲ್ಲಿ ಎಂದಳು.

ಬಾಯಿಮಾತಿನ ವಾಟ್ನಿಯ ಬಗ್ಗೆ ಅದೇ ತೀರ್ಪು ಏನು ಹೇಳುತ್ತದೆ ಎಂದು ಇಬ್ಬರೂ ಕೂತು ಓದಿದೆವು. ಸರ್ಕಾರಿ ದಾಖಲೆಗಳ ಬಲವಿದ್ದ ಅಪರೂಪದ ಪ್ರಕರಣಗಳನ್ನು ಬಿಟ್ಟರೆ ಅದನ್ನು ಒಪ್ಪುವಂತಿಲ್ಲ ಎಂದಿದೆ. “ಪಹಣಿ ಯಾರ ಹೆಸರಿನಲ್ಲಿದೆ?” ಎಂದೆ. ಮುಂದಿನ ಸಲ ಬಂದಾಗ ಪಹಣಿಯ ಪ್ರತಿ ಕೈಯಲ್ಲಿತ್ತು. ಎಲ್ಲ ಸರ್ವೆ ನಂಬರುಗಳೂ ಇನ್ನೂ ಅಜ್ಜನ ಹೆಸರಿನಲ್ಲೇ. ಮ್ಯುಟೇಶನ್ ಆಗಿಯೇ ಇಲ್ಲ. ಕಾನೂನು ನಿಮ್ಮ ತಂದೆಯ ಕಡೆಗಿಲ್ಲ ಎಂದು ನಾನು ಹೇಳಬೇಕಾಗಿ ಬರಲಿಲ್ಲ, ಅವಳಿಗೇ ಗೊತ್ತಾಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: “ಅತ್ತೆ ಕಡೆ ವಕೀಲರು ನಾವಾಗಿದ್ರೆ ಮೊದಲು ಏನು ಫೈಲ್ ಮಾಡ್ಬೇಕು ಮೇಡಂ?”

ಅವಳು ನನಗೆ ಒಂದು ಹಾರವನ್ನೂ ಹಾಕಲಿಲ್ಲ. ಮನೆಯ ಜಗಳ ಏನಾಯಿತೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಆದರೆ ಮುಂದೊಂದು ದಿನ ಹೈಕೋರ್ಟಿನ ಧಾರವಾಡ ಪೀಠದಲ್ಲಿ ವಕೀಲಿಕೆ ಮಾಡುವ ಪರಿಚಯದವರೊಬ್ಬರು, ದಾಖಲೆ ಓದಲು ಬರುವ ಜೂನಿಯರ್ ಯಾರಾದರೂ ಇದ್ದರೆ ಹೇಳಿ ಎಂದಾಗ ಬಾಯಿಗೆ ಬಂದದ್ದು ಅವಳ ಹೆಸರು. ವಶೀಲಿ ಎನ್ನುತ್ತೀರಾ? ಅವಳ ಕೆಲಸವನ್ನು ನಾನು ಕಣ್ಣಾರೆ ನೋಡಿದ್ದೆ. ನೋಡದವರ ಹೆಸರನ್ನು, ಅವರು ಎಷ್ಟೇ ವಿನಯವಂತರಾಗಿರಲಿ, ಹೇಗೆ ಹೇಳಲಿ?

ಈ ಪ್ರಸಂಗದಲ್ಲಿ ಇನ್ನೊಂದು ಸಂಗತಿ ಗಮನಿಸಿ. ನಿಮ್ಮ ಕೈಯಲ್ಲಿ ನಮಗಿಲ್ಲದ ಸರಕು ಇದೆ. ನಾನು ಪೇಟೆಯಲ್ಲಿ ಬೆಳೆದವಳು. ಭೂಸುಧಾರಣಾ ಕಾಯ್ದೆಯನ್ನು ಪುಸ್ತಕದಿಂದ ಕಲಿತೆ. ಪೋಡಿ ಆಗದ ಜಮೀನಿಗೆ ಸಾಲ ಸಿಗದಿರುವುದು, ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ವೆಯರ್ ದಾರಿ ಕಾಯುವುದು, ಪರಿಶಿಷ್ಟರಿಗೆ ಮಂಜೂರಾದ ಜಮೀನು ಕೈಬದಲಾಗಿ 1978ರ ಪಿಟಿಸಿಎಲ್ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಮುಂದೆ ತಲೆಮಾರುಗಟ್ಟಲೆ ಅಲೆಯುವುದು, ಇವೆಲ್ಲ ನಿಮಗೆ ಮನೆಯ ಮಾತು. ಆ ಕಾಯ್ದೆಯಲ್ಲಿ ಅರ್ಜಿ ಹಾಕಲು ಕಾಲಮಿತಿ ಇಲ್ಲವೆಂದು ರಾಜ್ಯ 2023ರಲ್ಲಿ ತಿದ್ದುಪಡಿ ತಂದಿತಲ್ಲ, ಅದರಿಂದ ನಿಮ್ಮ ಊರಿನಲ್ಲಿ ಏನಾಯಿತು ಎಂದು ಬಂದು ಹೇಳಿದರೆ ನಾನು ಪೆನ್ನು ಹಿಡಿದು ಕೇಳಿಸಿಕೊಳ್ಳುತ್ತೇನೆ. ಬರಿಗೈಯಲ್ಲಿ ಬರುತ್ತಿದ್ದೇವೆ ಎಂಬ ಸಂಕೋಚ ನಿಮಗೆ ಬೇಡ.

2024ರ ಜುಲೈ 1ರಿಂದ ಇನ್ನೂ ಒಂದು ಅನುಕೂಲವಾಗಿದೆ. ಅವತ್ತು ಭಾರತೀಯ ನ್ಯಾಯ ಸಂಹಿತೆ ಮತ್ತು ಅದರ ಜೊತೆಯ ಎರಡು ಕಾನೂನುಗಳು ಬಂದು, 1860ರ ದಂಡ ಸಂಹಿತೆಯನ್ನು ಉರುಹೊಡೆದಿದ್ದ ನಮ್ಮ ತಲೆಮಾರಿನ ಅಧ್ಯಾಪಕರೆಲ್ಲ ರಾತ್ರೋರಾತ್ರಿ ಮೊದಲ ವರ್ಷದ ವಿದ್ಯಾರ್ಥಿಗಳಾದೆವು. 302 ಹೋಗಿ 103 ಆಯಿತು. 420 ಎಂದು ಬೈಯುವಂತಿಲ್ಲ, 318 ಎನ್ನಬೇಕು. 144 ಎಂದರೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144 ಹೆಂಡತಿ ಮಕ್ಕಳಿಗೆ ಜೀವನಾಂಶ ಕೊಡಿಸುವ ಕಲಮು. ತರಗತಿಯಲ್ಲಿ ನಾನು ಹಳೆಯ ಸಂಖ್ಯೆ ಹೇಳಿದಾಗ ಹಿಂದಿನ ಬೆಂಚಿನಲ್ಲಿ ಮುಸಿಮುಸಿ ನಗುತ್ತೀರಿ, ಕೇಳಿಸುತ್ತದೆ. ನಗುವ ಬದಲು ಎದ್ದು ತಿದ್ದಿ. ಅಧ್ಯಾಪಕರು ಸಂಬಳ ಬರುವ ವಿದ್ಯಾರ್ಥಿಗಳು ಎಂದು ಒಪ್ಪಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಸಿಕ್ಕಲಾರದು.

ತಿದ್ದಿದರೆ, ಎದುರು ವಾದಿಸಿದರೆ ಅಧ್ಯಾಪಕರಿಗೆ ಸಿಟ್ಟು ಬರುವುದಿಲ್ಲವೇ ಎಂದು ಕೇಳುತ್ತೀರಿ. ಕೆಲವರಿಗೆ ಬರುತ್ತದೆ. ಆದರೆ ಡಾ. ಅಂಬೇಡ್ಕರ್ ಅವರ ‘ದಿ ಪ್ರಾಬ್ಲಮ್ ಆಫ್ ದಿ ರುಪೀ’ ಪುಸ್ತಕದ ಮೊದಲ ಪುಟಗಳನ್ನು ತೆರೆದು ನೋಡಿ. 1923ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪುಸ್ತಕ. ಮುನ್ನುಡಿ ಬರೆದವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಅವರಿಗೆ ಪಾಠ ಹೇಳಿದ ಪ್ರೊಫೆಸರ್ ಎಡ್ವಿನ್ ಕ್ಯಾನನ್. ಆ ಮುನ್ನುಡಿಯಲ್ಲೇ ಕ್ಯಾನನ್, ಈ ಲೇಖಕರ ಹೆಚ್ಚಿನ ವಾದಗಳನ್ನು ನಾನು ಒಪ್ಪುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತಾರೆ. ಒಪ್ಪದೆಯೂ ಅದರಲ್ಲಿರುವ ಹೊಸತನವನ್ನು ಮೆಚ್ಚುತ್ತಾರೆ. ಎರಡು ವರ್ಷದ ಮೇಲೆ ಬಂದ ಪ್ರಾಂತೀಯ ಹಣಕಾಸಿನ ಕುರಿತ ಪುಸ್ತಕಕ್ಕೆ ಮುನ್ನುಡಿ ಕೊಲಂಬಿಯಾ ವಿಶ್ವವಿದ್ಯಾಲಯದ ಅವರ ಗುರು ಸೆಲಿಗ್ಮನ್ ಅವರದು. ಮಹೂವಿನ ಸೈನಿಕ ವಸತಿಯಲ್ಲಿ ಹುಟ್ಟಿದ, ಶಾಲೆಯಲ್ಲಿ ಬೇರೆ ಕೂರಿಸಲ್ಪಟ್ಟ ಹುಡುಗನಿಗೆ ಆ ವಿಶ್ವವಿದ್ಯಾಲಯಗಳಲ್ಲಿ ಯಾವ ಮಾವನೂ ಇರಲಿಲ್ಲ. ತನ್ನ ಗುರುಗಳೊಂದಿಗೆ ಅವರು ಬೆಳೆಸಿಕೊಂಡದ್ದು ಬರೆದು ತೋರಿಸಿದ, ಒಪ್ಪದಿದ್ದಾಗ ಒಪ್ಪುವುದಿಲ್ಲ ಎಂದ ಸಂಬಂಧ. 1935ರಲ್ಲಿ ಅವರೇ ಮುಂಬಯಿಯ ಸರ್ಕಾರಿ ಕಾನೂನು ಕಾಲೇಜಿನ ಪ್ರಾಂಶುಪಾಲರಾದರು. ನಮ್ಮ ಕಾಲೇಜುಗಳ ಗೋಡೆಯ ಮೇಲೆಲ್ಲ ಅವರ ಪಟವಿದೆ. ಪಟದ ಕೆಳಗೆ ಕೈಕಟ್ಟಿ ನಿಲ್ಲುವುದಕ್ಕಿಂತ ಆ ಮುನ್ನುಡಿ ಓದುವುದು ಹೆಚ್ಚು ಉಪಯೋಗ.

ಕಾನೂನು ಅಧ್ಯಾಪಕರ ವೃತ್ತಿಯಲ್ಲಿ ನನಗೆ ಹೆಮ್ಮೆ ತರುವ ಇನ್ನೊಂದು ಬಹಿರಂಗ ಪತ್ರವಿದೆ. ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿ ಮಥುರಾಳ ಮೇಲೆ ನಡೆದ ಅತ್ಯಾಚಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಬ್ಬರು ಪೊಲೀಸರನ್ನು ಖುಲಾಸೆ ಮಾಡಿತ್ತು. 1979ರ ಸೆಪ್ಟೆಂಬರಿನಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಾಗಂವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೇ ಪತ್ರ ಬರೆದು, ತೀರ್ಪು ಎಲ್ಲಿ ತಪ್ಪಿದೆ ಎಂದು ತೋರಿಸಿದರು. ಅದರಿಂದೆದ್ದ ಚಳವಳಿ 1983ರ ಕಾನೂನು ತಿದ್ದುಪಡಿಗೆ ದಾರಿ ಮಾಡಿತು. ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ತಪ್ಪು ಎನ್ನಬಲ್ಲ ಕಸುಬು ನಮ್ಮದು. ಅಂಥ ಕಸುಬಿನವರ ಮುಂದೆ ನೀವು ಇಡೀ ವರ್ಷ ತಲೆಯಾಡಿಸಿಕೊಂಡು ಕೂತರೆ ನಾವು ಕಲಿಸಿದ್ದು ಏನು?

ಈಗ ವ್ಯವಹಾರದ ಕೆಲವು ಮಾತು.

ನಿಮ್ಮ ಅಧ್ಯಾಪಕರಲ್ಲಿ ಕೆಲವರು ವಕೀಲಿಕೆ ಮಾಡುತ್ತಲೇ ಪಾಠ ಮಾಡುವವರು. 1979ರ ನಿಯಮದಂತೆ ವಕೀಲರು ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಪಾಠ ಮಾಡಬಹುದು. ಕೋರ್ಟಿಗೆ ಓಡಬೇಕಾದ ಅವರನ್ನು ಕಾಲೇಜಿನ ಗೇಟಿನಲ್ಲಿ ಹಿಡಿದು ನಿಲ್ಲಿಸಬೇಡಿ. ಕೋರ್ಟಿಗೇ ಹೋಗಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅವರ ಪ್ರಕರಣ ಯಾವ ಹಾಲಿನಲ್ಲಿದೆ ನೋಡಿ, ಹಿಂದಿನ ಬೆಂಚಿನಲ್ಲಿ ಕೂತು ಕೇಳಿ. ಕಕ್ಷಿದಾರರು ಸುತ್ತುವರಿದಿರುವಾಗ ಹತ್ತಿರ ಹೋಗಬೇಡಿ. ಎರಡು ಗಂಟೆಗೆ ಬಾರ್ ಅಸೋಸಿಯೇಶನ್ನಿನ ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗ, “ಸರ್, ಆ ದಾಖಲೆ ಗುರುತಿಸೋದಕ್ಕೆ ಎದುರು ವಕೀಲರು ಯಾಕೆ ಆಕ್ಷೇಪಣೆ ಮಾಡಿದ್ರು?” ಎಂದು ಕೇಳಿ. ಸಾಕ್ಷ್ಯ ಕಾನೂನಿನ ಮೂರು ತರಗತಿ ಆ ಒಂದು ಲೋಟ ಚಹಾದಲ್ಲಿ ಆಗಿಹೋಗುತ್ತದೆ. ಚಹಾದ ದುಡ್ಡನ್ನೂ ಅವರೇ ಕೊಡುತ್ತಾರೆ.

ಕಾಲೇಜಿನ ಕಾನೂನು ನೆರವು ಕೇಂದ್ರವನ್ನು ನೀವು ನವೆಂಬರ್ 9ರ ಕಾನೂನು ಸೇವಾ ದಿನದ ಜಾಥಾಕ್ಕೆ ಬ್ಯಾನರ್ ಹಿಡಿಯುವ ಜಾಗ ಮಾಡಿಕೊಂಡಿದ್ದೀರಿ. ಅದನ್ನು ನಡೆಸುವ ಅಧ್ಯಾಪಕರಿಗೆ ಕೆಲಸಕ್ಕೆ ಜನ ಬೇಕು. ಹಳ್ಳಿಯಿಂದ ಬಂದವರ ಕತೆ ಕೇಳಿ ಒಂದು ಪುಟದ ಅರ್ಜಿ ಬರೆದುಕೊಡುವ ವಿದ್ಯಾರ್ಥಿ ಸಿಕ್ಕರೆ ಅವರು ಬಿಡುವುದಿಲ್ಲ. ಅಧ್ಯಾಪಕರನ್ನು ಹತ್ತಿರದಿಂದ ನೋಡಲು ನನಗೆ ಗೊತ್ತಿರುವ ಅತ್ಯಂತ ಸುಲಭ ದಾರಿ ಇದು. ಇಲ್ಲಿ ಮಾತಿಗೆ ವಿಷಯ ಹುಡುಕಬೇಕಾಗಿಲ್ಲ, ಎದುರಿನ ಬೆಂಚಿನಲ್ಲಿ ಕೂತಿರುತ್ತದೆ.

ಶಿಫಾರಸು ಪತ್ರದ ವಿಚಾರ. ವಿದೇಶದಲ್ಲಿ ಎಲ್‌ಎಲ್‌ಎಂ ಓದಲು, ವಿದ್ಯಾರ್ಥಿವೇತನಕ್ಕೆ ಇದನ್ನು ಕೇಳುತ್ತಾರೆ. ನಾಳೆ ಕೊನೆಯ ದಿನ ಎಂದು ಇವತ್ತು ಸಂಜೆ ಬರುತ್ತೀರಿ. ನಾನು ಏನು ಬರೆಯಲಿ? ಶ್ರಮಜೀವಿ, ಪ್ರಾಮಾಣಿಕ, ಸನ್ನಡತೆಯವನು ಎಂದು ಬರೆಯಬಹುದು, ಅದನ್ನೇ ಎಲ್ಲರಿಗೂ ಎಲ್ಲರೂ ಬರೆಯುತ್ತಾರೆ, ಓದುವವರು ಪುಟ ತಿರುಗಿಸುತ್ತಾರೆ. ಮೂಟ್ ಕೋರ್ಟಿಗೆ ಬರೆದ ಮೆಮೋರಿಯಲನ್ನು ನಾಲ್ಕು ಸಲ ತಿದ್ದಿಸಿಕೊಂಡ, ಮೂರನೆಯ ಸಲ ನನ್ನ ತಿದ್ದುಪಡಿಯೇ ತಪ್ಪೆಂದು ತೋರಿಸಿದ ಎಂದು ಬರೆಯಬೇಕಾದರೆ ಅದು ನಡೆದಿರಬೇಕು. ಮೂರು ನಾಲ್ಕು ವಾರ ಮೊದಲು ಬನ್ನಿ. ನೀವು ಬರೆದ ಪ್ರಬಂಧ, ಅರ್ಜಿಯ ಕರಡು, ಯಾವ ಕೋರ್ಸು, ಯಾಕೆ ಎಂಬ ಒಂದು ಪುಟ ತನ್ನಿ. ಸೀಟು ಸಿಕ್ಕರೂ ಸಿಗದಿದ್ದರೂ ಒಂದು ಮಾತು ತಿಳಿಸಿ. ಹತ್ತರಲ್ಲಿ ಒಂಬತ್ತು ಜನ ತಿಳಿಸುವುದಿಲ್ಲ, ನಮಗೆ ಫೇಸ್‌ಬುಕ್ಕಿನಿಂದ ಗೊತ್ತಾಗುತ್ತದೆ.

ತಪ್ಪು ನಿಮ್ಮದಷ್ಟೇ ಎಂದು ತಿಳಿಯಬೇಡಿ. ನಮ್ಮ ಕಡೆಯ ಕೊಳಕನ್ನೂ ಹೇಳಿಬಿಡುತ್ತೇನೆ. ಹದಿನೈದು ವರ್ಷದ ಹಳೆಯ ನೋಟ್ಸನ್ನು ಡಿಕ್ಟೇಟ್ ಮಾಡಿ ಎದ್ದುಹೋಗುವವರು ನಮ್ಮಲ್ಲಿದ್ದಾರೆ. ಶಿಫಾರಸು ಪತ್ರ ಕೇಳಿದರೆ “ನೀನೇ ಬರ್ಕೊಂಡ್ ಬಾ, ಸಹಿ ಹಾಕ್ತೀನಿ” ಎನ್ನುವವರಿದ್ದಾರೆ. ಖಾಯಂ ಹುದ್ದೆಗಳು ಖಾಲಿ ಬಿದ್ದಿರುವ ಕಾಲೇಜುಗಳಲ್ಲಿ ಪಾಠದ ಭಾರ ಅತಿಥಿ ಉಪನ್ಯಾಸಕರ ಮೇಲೆ. ಮುಂದಿನ ವರ್ಷ ತಾವೇ ಇರುತ್ತೇವೋ ಇಲ್ಲವೋ ಗೊತ್ತಿಲ್ಲದ ಅವರು ನಿಮ್ಮ ಐದು ವರ್ಷದ ಯೋಚನೆ ಹೇಗೆ ಮಾಡಿಯಾರು? ಆದರೂ ಒಂದು ಮಾತು: ನಾನು ನೋಡಿದಂತೆ, ಬಾಗಿಲು ಮುಚ್ಚದೆ ಕೂರುವವರು ಅವರಲ್ಲೇ ಹೆಚ್ಚು. ಅವರೂ ಮೊನ್ನೆಯಷ್ಟೇ ನಿಮ್ಮ ಜಾಗದಲ್ಲಿದ್ದವರು.

ಇನ್ನೊಂದು, ಎಲ್ಲರಿಗೂ ಗೊತ್ತಿದ್ದು ಯಾರೂ ಬರೆಯದ ಸಂಗತಿ. ಹೊಸ ವಿದ್ಯಾರ್ಥಿ ಮೊದಲ ವಾರ ಮಾಡುವ ವಿಚಾರಣೆ, ಸ್ಟಾಫಿನಲ್ಲಿ ‘ನಮ್ಮವರು’ ಯಾರಿದ್ದಾರೆ ಎಂಬುದು. ಕೆಲವು ಅಧ್ಯಾಪಕರೂ ಹಾಜರಿ ಪುಸ್ತಕದಲ್ಲಿ ಅಡ್ಡಹೆಸರು ನೋಡಿಯೇ ನಗುತ್ತಾರೆ. ಊರು ಕೇಳುವ ನೆಪದಲ್ಲಿ ಜಾತಿ ಕೇಳುತ್ತಾರೆ. ಹೀಗೆ ಕೂಡಿಸಿಕೊಂಡ ಸಂಬಂಧ ಹಾಜರಾತಿ ಸರಿಪಡಿಸಿಕೊಳ್ಳಲು ಆದೀತು. ಅಲ್ಲಿ ನಿಮ್ಮ ಕರಡನ್ನು ಯಾರೂ ಕೆಂಪು ಶಾಯಿಯಲ್ಲಿ ತಿದ್ದುವುದಿಲ್ಲ. ಸ್ಟಾಫಿನಲ್ಲಿ ‘ತಮ್ಮವರು’ ಒಬ್ಬರೂ ಇಲ್ಲದ ದಲಿತ ಹುಡುಗನೋ ಮುಸ್ಲಿಂ ಹುಡುಗಿಯೋ ಆ ಲೆಕ್ಕಾಚಾರದಲ್ಲಿ ಎಲ್ಲಿ ನಿಲ್ಲಬೇಕು? ಸಂವಿಧಾನದ 14ನೇ ವಿಧಿಯನ್ನು ಬೆಳಿಗ್ಗೆ ಪಾಠ ಮಾಡಿ ಮಧ್ಯಾಹ್ನ ಹೀಗೆ ನಡೆದುಕೊಳ್ಳುವ ನನ್ನ ಸಹೋದ್ಯೋಗಿಗಳಿಗೆ ಈ ಪತ್ರದ ಪ್ರತಿ ಕಳಿಸುತ್ತಿದ್ದೇನೆ.

ಹೆಣ್ಣುಮಕ್ಕಳಿಗೆ ಮತ್ತು ಅವರಿಗಷ್ಟೇ ಅಲ್ಲದೆ ಎಲ್ಲರಿಗೂ ಒಂದು ಎಚ್ಚರಿಕೆ. ಒಡನಾಟಕ್ಕೆ ಅಂಕೆ ಇದೆ. ಚರ್ಚೆ ಕಾಲೇಜಿನಲ್ಲಿ, ಗ್ರಂಥಾಲಯದಲ್ಲಿ, ನಾಲ್ಕು ಜನ ಓಡಾಡುವ ಕಡೆ ನಡೆಯಲಿ. ರಾತ್ರಿ ಹನ್ನೊಂದಕ್ಕೆ ಬರುವ ಸಂದೇಶಕ್ಕೆ ಉತ್ತರ ಕೊಡಬೇಕಾದ ಕರ್ತವ್ಯ ನಿಮಗಿಲ್ಲ. ಮನೆಯ ಗ್ಯಾಸ್ ಬುಕ್ ಮಾಡುವುದು, ಮಗನಿಗೆ ಪ್ರಾಜೆಕ್ಟ್ ಬರೆದುಕೊಡುವುದು ಗುರುಸೇವೆಯಲ್ಲ. ಯಾರಾದರೂ ಗೆರೆ ದಾಟಿದರೆ, ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮತ್ತು ಯುಜಿಸಿಯ 2015ರ ನಿಯಮಗಳಂತೆ ಕಾಲೇಜಿನಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅಂಕ, ಹಾಜರಾತಿಯ ಅನ್ಯಾಯಕ್ಕೆ ಯುಜಿಸಿಯ 2023ರ ನಿಯಮಗಳಡಿ ಕುಂದುಕೊರತೆ ಸಮಿತಿ, ಅದರ ಮೇಲೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಇದ್ದಾರೆ. ಈ ಸಮಿತಿಗಳ ಸದಸ್ಯರ ಹೆಸರು ನೋಟಿಸ್ ಬೋರ್ಡಿನಲ್ಲಿದೆಯೇ ಎಂದು ಇವತ್ತೇ ನೋಡಿ. ಇಲ್ಲದಿದ್ದರೆ ಪ್ರಾಂಶುಪಾಲರಿಗೆ ಅರ್ಜಿ ಬರೆಯಿರಿ. ನೀವು ಕಾನೂನು ವಿದ್ಯಾರ್ಥಿಗಳು, ಅರ್ಜಿ ಬರೆಯುವ ಮೊದಲ ಅಭ್ಯಾಸ ಅಲ್ಲೇ ಆಗಲಿ.

ಎಲ್ಲ ಅಧ್ಯಾಪಕರೊಂದಿಗೆ ಸಲಿಗೆ ಬೆಳೆಸಬೇಕಾಗಿಲ್ಲ, ಆಗುವುದೂ ಇಲ್ಲ. ಈ ಸೆಮಿಸ್ಟರಿನಲ್ಲಿ ಒಬ್ಬರನ್ನು ಆರಿಸಿಕೊಳ್ಳಿ. ಅವರ ವಿಷಯದಲ್ಲಿ ಒಂದು ತೀರ್ಪನ್ನು, ಗೈಡಿನ ಸಾರಾಂಶವನ್ನಲ್ಲ, ಮೊದಲಿನಿಂದ ಕೊನೆಯವರೆಗೆ ಓದಿ. ಅದರಲ್ಲಿ ಒಪ್ಪಿಗೆಯಾಗದ ಒಂದು ಮಾತನ್ನು ಹಿಡಿದು ಎರಡು ಪುಟ ಬರೆಯಿರಿ, ಕನ್ನಡದಲ್ಲಾದರೂ ಸರಿ. ತೆಗೆದುಕೊಂಡು ಹೋಗಿ ತೋರಿಸಿ, ತಿದ್ದಿಕೊಡಿ ಎಂದು ಕೇಳಿ, ತಿದ್ದಿದ್ದನ್ನು ಮತ್ತೆ ಬರೆದುಕೊಂಡು ಹೋಗಿ. ಅವರು ಮೊದಲ ಸಲ ನಾಳೆ ಬಾ ಎಂದರೆ ನಾಳೆ ಹೋಗಿ. ಇಂಟರ್ನಲ್ ಅಂಕಗಳ ಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಈ ಕೆಲಸ ಮಾಡಿದರೆ ಇನ್ನೂ ಒಳ್ಳೆಯದು. ನೀವು ಅಂಕಕ್ಕೆ ಬಂದವರಲ್ಲ ಎಂಬುದು ಆಗ ಅವರಿಗೂ ತಿಳಿಯುತ್ತದೆ.

ಇಂತಿ,
ನಿಮ್ಮ ಒಬ್ಬ ಅಧ್ಯಾಪಕಿ